ಬುಧವಾರ ರಾತ್ರಿಯ ಉಗುರು

ಬುಧವಾರ ರಾತ್ರಿ ಮರೆಯದೆ
ಉಗುರು ಕತ್ತರಿಸಿಕೊಳ್ಳುತ್ತೇನೆ.
ಗುರುವಾರ ಗೆಸೀನಾ ಪಾಗೆಲ್‌ಳ ಅಂಗೈ ಮೇಲೆ
ಎರಡು ಗಂಟೆ ಬರೆಯಬೇಕು.

ಒಂಬತ್ತನೆಯ ವಯಸ್ಸಿಗೆ ಕಿವಿ ಹೋಯಿತು,
ಕಣ್ಣು, ನಲವತ್ತು ದಾಟಿದ ಮೇಲೆ, ಕಂತು ಕಂತಾಗಿ.
"ಸಾಲ ಕೊಟ್ಟವರಂತೆ ಬಂದು ಒಯ್ದರು" ಅನ್ನುತ್ತಾಳೆ
ರೊಸ್ಟಾಕಿನ ಹಡಗುಕಟ್ಟೆಯಲ್ಲಿ
ಮುಳುಗದಂತೆ ತೊಡುವ ಅಂಗಿ ಹೊಲಿಯುತ್ತಿದ್ದವಳು.
ಕಡೆಯ ವರ್ಷ ಹೊಲಿದದ್ದೆಲ್ಲ ಬೆರಳ ನೆನಪಿನಿಂದಲೇ.
ಯಾವ ನಾವಿಕನಿಂದಲೂ ದೂರು ಬಂದಿಲ್ಲವಂತೆ,
ಮುಳುಗಿದವರಿಂದಲೂ.

ನಾನು ಟೋರ್ಬೆನ್, ಟ್ರ್ಯಾಮ್ ಡಿಪೋದಲ್ಲಿ ಗಾಲಿ ನೋಡುವವನು.
ಸಂಸ್ಥೆಯವರು ಮೂರು ಶನಿವಾರ ಕಲಿಸಿದರು:
ಐದು ಬೆರಳ ತುದಿಗೆ ಐದು ಸ್ವರ,
ಉಳಿದ ಎಲೆಯ ತುಂಬ ವ್ಯಂಜನ.
ಹೆಬ್ಬೆರಳ ಮೇಲೆ ಒಂದು ಗೀರು,
ಉಂಗುರ ಬೆರಳ ತುದಿಗೊಂದು ಚುಕ್ಕೆ,
ಅಂಗೈ ನಡುವೆ ಬೆರಳುಗಳ ತಮಟೆ,
ತೋರುಬೆರಳ ಉದ್ದಕ್ಕೆ ಒಂದು ಇಳಿಜಾರು,
ಅದರ ತುದಿ, ಅದರ ಬುಡ:
ಇದು ನನ್ನ ಹೆಸರು.
ನಲವತ್ತೊಂದು ವರ್ಷ ಹೊತ್ತು ತಿರುಗಿದ್ದೆ,
ಅದಕ್ಕೂ ತೂಕ ಇದೆಯೆಂದು ತಿಳಿದಿರಲಿಲ್ಲ.

ಮೊದಲ ದಿನವೇ ಕರಾರು ಹಾಕಿದಳು:
ಚೆಂದದ್ದನ್ನಷ್ಟೇ ಹೇಳಬೇಡ.
ನಿನಗಿಂತ ಮುಂಚೆ ಬರುತ್ತಿದ್ದ ಪುಣ್ಯಾತ್ಗಿತ್ತಿ
ವರ್ಷವಿಡೀ ಹೂವು, ಹಂಸ, ಸೂರ್ಯಾಸ್ತ ಬರೆದಳು.
ಅಂಗೈಯಲ್ಲಿ ಅರಮನೆ ತೋರಿಸುವವರು ಸಾಕು,
ಅರಮನೆ ಹಿಂದಿನ ಚರಂಡಿ ಎಲ್ಲಿದೆ ಹೇಳು.

ಹೇಳಿದೆ.
ಮೀನುಪೇಟೆಯಲ್ಲಿ ಒಂಟಿಕಾಲಿನ ಕಡಲಹಕ್ಕಿ.
ಬ್ಯಾಂಕಿನ ಮೆಟ್ಟಿಲ ಮೇಲೆ ಜಗಳವಾಡುವ ಮದುಮಕ್ಕಳು.
ಎದುರು ಸೀಟಿನ ಹುಡುಗ ನಮ್ಮ ಕೈಗಳನ್ನೇ ನೋಡುತ್ತಿದ್ದಾನೆ.
ಎಷ್ಟು ವಯಸ್ಸು? ಆರಿರಬಹುದು.
ತಕ್ಷಣ ನಾಲಿಗೆ ಚಾಚಿ ಅಣಕಿಸಿದಳು,
ದಿಕ್ಕು ತಪ್ಪಿ, ಟಿಕೆಟ್ ತಪಾಸಣೆಯವನಿಗೆ.

ತನ್ನ ದನಿ ತನಗೇ ಕೇಳದು,
ಹಾಗಾಗಿ ಟ್ರ್ಯಾಮಿಗೆಲ್ಲ ಕೇಳುವಂತೆ ಮಾತು.
"ಈ ಮೀನು ಹಳಸಿದೆ!"
"ನಿನ್ನ ಹೊಸ ಸೋಪು ಚೆನ್ನಾಗಿಲ್ಲ!"
ಮೆಲ್ಲಗೆ, ಮೆಲ್ಲಗೆ ಎಂದು ನಾನು ಬರೆದು ಮುಗಿಸುವಷ್ಟರಲ್ಲಿ
ಎರಡು ನಿಲ್ದಾಣ ಹಿಂದಾಗಿರುತ್ತವೆ.

ಒಮ್ಮೆ ಮಳೆ ಬರುತ್ತಿದೆ ಎನ್ನಹೋಗಿ
ತಮಟೆ ಬಡಿಯುವಲ್ಲಿ ಸುತ್ತು ಎಳೆದೆ.
ನಮ್ಮ ನುಡಿಯಲ್ಲಿ ಮಳೆಗೂ ಆಶೀರ್ವಾದಕ್ಕೂ
ಒಂದೇ ಅಕ್ಷರದ ಅಂತರ.
"ಆಶೀರ್ವಾದ ಬರ್ತಿದೆಯಾ? ಬರಲಿ,
ಕೊಡೆ ತಂದಿದ್ದೀಯೋ ಇಲ್ಲವೋ?"

ಡಿಪೋದಲ್ಲಿ ಇದಕ್ಕೆ ಸೇವೆ ಎನ್ನುತ್ತಾರೆ,
ಅರ್ಧ ಗೌರವ, ಅರ್ಧ ಗೇಲಿ.
ನನಗೆ ಬೇರೆ ಪದ ಸಿಕ್ಕಿಲ್ಲ.
ಚುಕ್ಕೆ ಮೂಡಿಸಿದ ಅವಳ ಇಸ್ಪೀಟಿನಲ್ಲಿ
ವಾರಕ್ಕೆ ಎರಡು ಯೂರೊ ಸೋಲುತ್ತೇನೆ;
ಸೇವೆಗೆ ಇಷ್ಟು ಖರ್ಚಿರುತ್ತದೆಯೇ?

ಹೈಕೊ ಆಸ್ಪತ್ರೆ ಸೇರಿದ ವಾರ,
ಹನ್ನೊಂದು ವರ್ಷದಿಂದ ಮಾತಿಲ್ಲದ ಅಣ್ಣ,
ಎಂದಿನಂತೆ ಹೋದೆ, ಎಂದಿನಂತೆ ಬರೆದೆ:
ಬಿಸಿಲಿದೆ. ಬಂದರಿಗೆ ಹಡಗು ಬಂದಿದೆ. ಬಿಳಿಯದು.
ಅವಳು ಕೈ ಎಳೆದುಕೊಂಡಳು.

ಮತ್ತೆ ನನ್ನ ಬೆರಳು ಹಿಡಿದು
ಒಂದೊಂದೇ ಉಗುರನ್ನು ಸವರಿದಳು.
ಈಗ ಬಾಯಿ ತೆರೆಯುತ್ತಾಳೆ, ಟ್ರ್ಯಾಮಿಗೆಲ್ಲ ತಿಳಿಯುತ್ತದೆ ಎಂದು
ಕುಗ್ಗಿ ಕೂತೆ.
ತೆರೆಯಲಿಲ್ಲ.
ನನ್ನ ಎಡಗೈ ಮಗುಚಿ ತೊಡೆಯ ಮೇಲಿಟ್ಟುಕೊಂಡು
ಬರೆಯತೊಡಗಿದಳು.
ಮೊದಲ ಸಲ ನನ್ನ ಮೇಲೆ. ಮೊದಲ ಸಲ ಪಿಸುಮಾತು.

ಓದಲು ನನಗೆಲ್ಲಿ ಬರುತ್ತಿತ್ತು?
ಬರೆಯುವುದನ್ನಷ್ಟೇ ಕಲಿತಿದ್ದೆ.
ವ್ಯಂಜನಗಳು ಸೋರಿಹೋದವು,
ಬೆರಳ ತುದಿಗಳಲ್ಲಿ ಸ್ವರ ಮಾತ್ರ ನಿಂತವು,
ಅಳುವ ಮಗುವಿಗೂ ಬರುವಂಥವು.
ರೈಲು ನಿಲ್ದಾಣ ದಾಟಿತು.
ಇಳಿಯಬೇಕಿತ್ತು. ಇಳಿಯಲಿಲ್ಲ.
ಮೂರನೆಯ ಸಲಕ್ಕೆ ಒಂದು ಪದ ಹತ್ತಿತು: ಉಗುರು.
ಇನ್ನೊಂದು, ಬಹಳ ಹೊತ್ತಿನ ಮೇಲೆ: ಯಾರು?

ಅಣ್ಣ, ಎಂದು ಬರೆದೆ.

ಕೊನೆಯ ನಿಲ್ದಾಣದಲ್ಲಿ ಕೋಲು ಬಿಚ್ಚುತ್ತ ಎದ್ದು
ಇಳಿಯುವವರಿಗೆಲ್ಲ ಕೇಳುವಂತೆ ಕೂಗಿದಳು:
"ಮುಂದಿನ ಗುರುವಾರ ಇಲ್ಲಿಗೆ ಬರಬೇಡ,
ಅವನ ಹತ್ತಿರ ಹೋಗು.
ಹೋಗುವ ಮುಂಚೆ
ಉಗುರು ಕತ್ತರಿಸಿಕೋ!"